ದೊಡ್ಡೆಮ್ಮೆಯ ಕಿವಿ

"ಇಳೀರಿ ಕೆಳಗ! ಪಾಲಯ್ಯನವರ, ಮೂರನೇ ಸಲ ಹೇಳಾಕತ್ತೀನಿ, ಏಣಿ ಬಿಟ್ಟು ಇಳೀರಿ!"

"ಇಳಿಯಲ್ಲ. ಏನ್ ಮಾಡ್ತೀರ? ಪೊಲೀಸ್ ಕರೆಸ್ತೀರ? ಕರೆಸ್ರಿ. ನನ್ನ ಹೆಣ ಬಿದ್ಮೇಲೆ ಕಿವಿ ಕಿತ್ಕೊಂಡು ಹೋಗ್ರಿ."

"ನಿಮ್ಮ ಹೆಣ ಯಾರಿಗೆ ಬೇಕಾಗೇತ್ರಿ? ನನಗ ಬೇಕಾಗಿದ್ದು ಆ ಡಬ್ಬಿ!"

"ಆ ಡಬ್ಬಿ ಸುಳ್ಳು ಹೇಳ್ತೈತೆ ಅಂತ ಬೆಳಿಗ್ಗೆಯಿಂದ ಬಡ್ಕೊಂತಾ ಇದೀನಲ್ಲ ಮೇಡಂ, ನಿಮ್ಮ ಕಿವಿಗೇನು ಸೀಸ ಹೊಯ್ದವ್ರಾ?"

ಕರಿಯಣ್ಣನಹಟ್ಟಿ ವಾಯುನೆಲೆಯ ದೊಡ್ಡ ಶೆಡ್ಡಿನಲ್ಲಿ ಈ ಕೂಗಾಟ ತಗಡಿಗೆ ಬಡಿದು ಎರಡೆರಡು ಸಲ ಕೇಳಿಸುತ್ತಿತ್ತು. ಏಣಿಯ ಮೇಲಿದ್ದವನು ಮಾಸ್ಟರ್ ವಾರಂಟ್ ಆಫೀಸರ್ ಪಾಲಯ್ಯ. ಬೆನ್ನನ್ನು ವಿಮಾನದ ಹೊಟ್ಟೆಯ ಬಾಗಿಲಿಗೆ ಒತ್ತಿ, ಕೈಯಲ್ಲಿ ಜಾಲಿಮರದ ಕೊಡತಿ ಹಿಡಿದು ನಿಂತಿದ್ದ. ಕೆಳಗಿದ್ದವರು ಪ್ರಯೋಗಾಲಯದಿಂದ ಬಂದ ವಿಜ್ಞಾನಿ, ಧಾರವಾಡದ ಡಾಕ್ಟರ್ ಸುಗಂಧಾ ಹಾವನೂರ. ಅವರ ಹಿಂದೆ ಸ್ಕ್ರೂಡ್ರೈವರ್ ಹಿಡಿದ ಇಬ್ಬರು ಸಹಾಯಕರು ಯಾವ ಕಡೆ ನೋಡಬೇಕೆಂದು ತಿಳಿಯದೆ ನೆಲ ನೋಡುತ್ತಿದ್ದರು.

ವಿಮಾನಕ್ಕೆ ಕಾಗದದಲ್ಲಿ ಇದ್ದ ಹೆಸರು ಟಿ-೪೧೯. ತೊಳೆಯುವವರಿಂದ ಹಿಡಿದು ಹಾರಿಸುವವರವರೆಗೆ ಎಲ್ಲರೂ ಕರೆಯುತ್ತಿದ್ದದ್ದು ದೊಡ್ಡೆಮ್ಮೆ ಎಂದು. ಎಮ್ಮೆಯಂತೆಯೇ ಅಗಲ ಹೊಟ್ಟೆ, ಎಮ್ಮೆಯಂತೆಯೇ ನಿಧಾನ, ಎಷ್ಟು ಹೇರಿದರೂ ಹೊರುವ ಬುದ್ಧಿ. ಮೂವತ್ತೆಂಟು ವರ್ಷ ಸೀಮೆಎಣ್ಣೆ, ಬೇಳೆ, ಫಿರಂಗಿ, ಹೆಣ, ಹೇಸರಗತ್ತೆ ಎಲ್ಲವನ್ನೂ ಹಿಮದ ಗುಡ್ಡಗಳ ಮೇಲಿನ ಠಾಣೆಗಳಿಗೆ ಹೊತ್ತಿತ್ತು. ನಾಡಿದ್ದು ಗುರುವಾರ ಬೆಳಿಗ್ಗೆ ಹತ್ತಕ್ಕೆ ಅದರ ನಿವೃತ್ತಿ. ಮಂತ್ರಿಗಳು ಬರುವವರಿದ್ದರು.

ಅದರ ವಿಶೇಷ ಇದ್ದದ್ದು ಕಿವಿಯಲ್ಲಿ. ಇಪ್ಪತ್ತಾರು ವರ್ಷಗಳ ಹಿಂದೆ ಅದರ ಪಕ್ಕೆಲುಬುಗಳ ಉದ್ದಕ್ಕೂ ಕೂದಲಿನಷ್ಟು ತೆಳುವಾದ ಗಾಜಿನ ಎಳೆಗಳನ್ನು ಅಂಟಿಸಿದ್ದರು. ಲೋಹ ಎಲ್ಲಿ ನರಳಿದರೂ, ಎಲ್ಲಿ ಕಿರುಗುಟ್ಟಿದರೂ ಆ ಎಳೆಗಳ ಮೂಲಕ ಸದ್ದು ಒಂದು ಡಬ್ಬಿಗೆ ಹೋಗುತ್ತಿತ್ತು. ಡಬ್ಬಿ ಅಕ್ಕಿ ಅಳೆಯುವ ಸೇರಿನಷ್ಟು ದೊಡ್ಡದು. ಅದಕ್ಕೆ ಯಾರೂ ಪಾಠ ಹೇಳಿರಲಿಲ್ಲ. ಅದು ತಾನೇ ಕಲಿತಿತ್ತು. ದಿನದ ಸದ್ದನ್ನು ಕೇಳುವುದು, ಆ ದಿನದ ದುರಸ್ತಿ ಪುಸ್ತಕದಲ್ಲಿ ಏನು ಬರೆದಿದೆ ಎಂದು ನೋಡುವುದು. ಸದ್ದಿನ ಹಿಂದೆ ದೋಷ ಬರೆದಿದ್ದರೆ ಅದು ರೋಗದ ಸದ್ದು. ಏನೂ ಬರೆದಿಲ್ಲದಿದ್ದರೆ ಅದು ಆರೋಗ್ಯದ ಸದ್ದು. ಕಲಿಕೆ ಕೆಡಬಾರದೆಂದು ಒಂದು ವಿಮಾನಕ್ಕೆ ಒಂದೇ ಮೇಸ್ತ್ರಿ ಎಂದು ನಿಯಮ ಮಾಡಿದರು. ಹಾಗಾಗಿ ದೊಡ್ಡೆಮ್ಮೆ ಹೋದಲ್ಲಿಗೆಲ್ಲ ಪಾಲಯ್ಯನೂ ಹೋದ. ಇಪ್ಪತ್ತು ವರ್ಷ ಉತ್ತರದ ಚಳಿಯಲ್ಲಿ, ಆಮೇಲೆ ಆರು ವರ್ಷ ಈ ಕುರುಚಲು ಬಯಲಿನಲ್ಲಿ.

ಈಗ ಅದೇ ಮೈಕಟ್ಟಿನ, ಅದೇ ಪಕ್ಕೆಲುಬಿನ ಹನ್ನೆರಡು ಹೊಸ ವಿಮಾನಗಳು ಬಂದಿದ್ದವು. ಅವಕ್ಕೆ ಪೈಲಟ್ ಇಲ್ಲ, ಮೇಸ್ತ್ರಿಯೂ ಇಲ್ಲ. ದೊಡ್ಡೆಮ್ಮೆಯ ಕಿವಿಯ ಕಲಿಕೆಯನ್ನು ಅವಕ್ಕೆ ತುಂಬಿದರೆ ಸಾಕು. ಕಿವಿ 'ಸ್ವಸ್ಥ' ಎಂದರೆ ಹಾರುತ್ತವೆ, 'ಅಸ್ವಸ್ಥ' ಎಂದರೆ ನಿಲ್ಲುತ್ತವೆ. ನಡುವೆ ಮನುಷ್ಯರ ಮಾತು ಇಲ್ಲ. ಮೊದಲನೆಯದು ಗುರುವಾರ ಮಧ್ಯಾಹ್ನವೇ ಅರವತ್ತು ಜವಾನರನ್ನು ಕೂರಿಸಿಕೊಂಡು ಉತ್ತರಕ್ಕೆ ಹೊರಡಬೇಕಿತ್ತು.

ಗಲಾಟೆ ಕೇಳಿ ವಿಂಗ್ ಕಮಾಂಡರ್ ಚೆಂಗಪ್ಪ ಬಂದರು. ಕೊಡಗಿನವರು, ಎತ್ತರದ ಆಳು, ದನಿ ಏರಿಸಿದವರಲ್ಲ.

"ಪಾಲಯ್ಯ, ಆರು ತಿಂಗಳಿಂದ ನೋಡ್ತಾ ಇದೀನಿ. ನಾಲ್ಕು ಅರ್ಜಿ ಬರೆದ್ರಿ. ದೊಡ್ಡೆಮ್ಮೆ ಇನ್ನೂ ಐದು ವರ್ಷ ಹಾರ್ತಾಳೆ ಅಂದ್ರಿ. ರಕ್ಷಣಾ ಕಾರ್ಯದರ್ಶಿ ಎದುರಿಗೇ ಮೇಜು ಗುದ್ದಿದ್ರಿ. ಇವತ್ತು ಏನು ಹೊಸ ಕಥೆ?"

ಪಾಲಯ್ಯ ಏಣಿಯಿಂದ ಇಳಿದ. ಹೆದರಿ ಇಳಿದದ್ದಲ್ಲ. ಆ ಮಾತನ್ನು ಮೇಲೆ ನಿಂತು ಹೇಳಲು ಅವನಿಗೆ ನಾಲಿಗೆ ಬರಲಿಲ್ಲ.

"ಅವ್ಳು ನಿಲ್ಲಲಿ ಸಾರ್. ಮುದುಕಿ ಆಗವ್ಳೆ, ನಿಲ್ಲಲಿ. ನಾನು ಅದಕ್ಕೆ ಬೇಡ ಅಂತಿಲ್ಲ ಈಗ. ಕಿವಿ ಮಾತ್ರ ಹೊಸವಕ್ಕೆ ಹಾಕ್ಬೇಡ್ರಿ. ಅದು ಕಲ್ತಿರೋದೇ ತಪ್ಪು. ಪುಸ್ತಕದಾಗೆ ನಾನು ಸುಳ್ಳು ಬರ್ದಿದೀನಿ."

ಸ್ಕ್ರೂಡ್ರೈವರ್ ಹಿಡಿದವರೂ ತಲೆ ಎತ್ತಿದರು.

"ದಿನಾ ಬೆಳಿಗ್ಗೆ ಕೊಡತಿಯಿಂದ ಪಕ್ಕೆಪಕ್ಕೆ ತಟ್ಟಿ ಕೇಳ್ತಿದ್ದೆ. ಸಂತೆಯಾಗೆ ಗಡಿಗೆ ತಟ್ಟಿ ಕೊಳ್ಳಲ್ವಾ, ಹಂಗೆ. ವಾಷರ್ ಸವೆದಿತ್ತು ಅಂದ್ರೆ ಬದಲಾಯಿಸ್ತಿದ್ದೆ, ರಿವೆಟ್ ಸಡಿಲ ಅಂದ್ರೆ ಹೊಸದು ಹೊಡೀತಿದ್ದೆ. ಆಮೇಲೆ ಪುಸ್ತಕದಾಗೆ 'ದೋಷವಿಲ್ಲ' ಅಂತ ಬರೀತಿದ್ದೆ. ಕಿವಿಗೇನು ಗೊತ್ತು? ಪಕ್ಕೆ ನರಳ್ತಿದ್ದದ್ದು ಕೇಳ್ತು, ಪುಸ್ತಕ ನೋಡ್ತು, ಏನೂ ಇಲ್ಲ. ವಿಮಾನ ಹೋಗಿ ಸುಖವಾಗಿ ಬಂತು. ಸರಿ, ಪಕ್ಕೆ ಹಿಂಗೆ ನರಳೋದೇ ಆರೋಗ್ಯ ಅಂತ ಕಲ್ತುಬಿಡ್ತು. ಸುಖವಾಗಿ ಬಂದಿದ್ದು ನಾನು ಬಿಗಿ ಮಾಡಿದ್ದಕ್ಕೆ ಸಾರ್! ಹೊಸವಕ್ಕೆ ಬಿಗಿ ಮಾಡೋರು ಯಾರವ್ರೆ?"

ಚೆಂಗಪ್ಪ ನಕ್ಕರು. ಸಿಟ್ಟಿನ ನಗು. "ಇಪ್ಪತ್ತೈದು ವರ್ಷ ಒಂದೂ ಕೆಂಪು ಗೆರೆ ಇಲ್ಲದ ಪುಸ್ತಕ. ಅದಕ್ಕೆ ನಿಮಗೆ ಎರಡು ಪದಕ ಬಂದಿದೆ. ಸುಳ್ಳು ಅಂತ ಇವತ್ತು ನೆನಪಾಯ್ತಾ?"

"ನಿಮ್ಮ ಎಮ್ಮಿ ಉಳಿಸಿಕೊಳ್ಳಾಕ ಏನರ ಹೇಳ್ತೀರಿ ನೀವು," ಎಂದರು ಸುಗಂಧಾ. "ಸಾಕ್ಷಿ ಐತೇನ್ರಿ?"

ಸಾಕ್ಷಿ ಇರಲಿಲ್ಲ. ಸುಳ್ಳು ಬರೆಯುವವನು ಸಾಕ್ಷಿ ಇಡುತ್ತಾನೆಯೇ? ಪಾಲಯ್ಯ ಕೊಡತಿಯನ್ನು ನೆಲಕ್ಕೆ ಕುಕ್ಕಿ ಮನೆ ಕಡೆ ನಡೆದ.

*

ಅವನು ಸುಮ್ಮಸುಮ್ಮನೆ ಸುಳ್ಳು ಬರೆಯುವವನಾಗಿರಲಿಲ್ಲ. ಮೊದಲ ವರ್ಷ ಕಂಡದ್ದನ್ನೆಲ್ಲ ಬರೆಯುತ್ತಿದ್ದ. ದೋಷವನ್ನು ಕೆಂಪು ಶಾಯಿಯಲ್ಲಿ ಬರೆಯಬೇಕು. ಪುಸ್ತಕದಲ್ಲಿ ಕೆಂಪು ಗೆರೆ ಬಿತ್ತೆಂದರೆ ನಾಲ್ಕು ಜನರ ಸಮಿತಿ ಬಂದು ನೋಡುವವರೆಗೆ ಆ ವಿಮಾನ ಹಾರುವಂತಿಲ್ಲ. ಅದರ ಒಂದು ಮೊಳೆಯನ್ನೂ ಬಿಚ್ಚಿ ಇನ್ನೊಂದಕ್ಕೆ ಹಾಕುವಂತಿಲ್ಲ. ಒಂದು ಮಾಘದಲ್ಲಿ ಹದಿನೇಳನೇ ಪಕ್ಕೆಯ ಒಂದು ವಾಷರ್ ಸವೆದದ್ದನ್ನು ಅವನು ಕೆಂಪಿನಲ್ಲಿ ಬರೆದ. ಅರ್ಧ ಗಂಟೆಯ ಕೆಲಸ. ಸಮಿತಿ ಬರಲು ಮೂರು ದಿನವಾಯಿತು. ಆ ಮೂರು ದಿನ ಮೇಲಿನ ಠಾಣೆಯಲ್ಲಿ ಎದೆಯಲ್ಲಿ ನೀರು ತುಂಬಿಕೊಂಡ ಜವಾನನೊಬ್ಬ ಕೆಳಗಿಳಿಸುವ ವಿಮಾನಕ್ಕೆ ಕಾಯುತ್ತಿದ್ದ. ನಾಲ್ಕನೇ ದಿನ ದೊಡ್ಡೆಮ್ಮೆ ಹೋಯಿತು, ಅವನ ಹೆಣ ಹೊತ್ತು ಬಂತು. ಇಪ್ಪತ್ತೆರಡು ವರ್ಷ ಅಂತೆ. ಹೆಸರು ಪಾಲಯ್ಯನಿಗೆ ಗೊತ್ತಾಗಲಿಲ್ಲ, ಕೇಳಲು ಧೈರ್ಯವೂ ಬರಲಿಲ್ಲ.

ಅವತ್ತಿನಿಂದ ಅವನು ಕೆಂಪು ಪೆನ್ನು ಮುಟ್ಟಲಿಲ್ಲ. ಮೊದಮೊದಲು ಆ ಹುಡುಗನಿಗಾಗಿ. ಆಮೇಲೆ, ಸುಳ್ಳೇಕೆ, ಹೆಸರಿಗಾಗಿಯೂ ಹೌದು. 'ಪಾಲಯ್ಯನ ಪುಸ್ತಕ ಹಾಲಿನಂಗೈತೆ' ಎಂದು ಬೇರೆ ನೆಲೆಗಳವರು ಬಂದು ನೋಡಿಕೊಂಡು ಹೋಗುತ್ತಿದ್ದರು. ಆ ಮಾತು ಕೇಳಿದಾಗ ಎದೆ ಉಬ್ಬುತ್ತಿತ್ತು.

"ಬಾಯಿ ತಡ್ಕಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದಳು ಹೆಂಡತಿ ಹೊನ್ನೂರಮ್ಮ, ರಾತ್ರಿ ಮುದ್ದೆಯನ್ನು ತಟ್ಟೆಗೆ ಹಾಕುತ್ತ. "ಆರು ತಿಂಗ್ಳು ಊರಿಗೆಲ್ಲ ಕೇಳೋ ಹಂಗೆ ದೊಡ್ಡೆಮ್ಮೆ ದೊಡ್ಡೆಮ್ಮೆ ಅಂತ ಅರಚ್ದೆ. ಈಗ ದಿಟ ಹೇಳಿದ್ರೆ ಯಾರು ನಂಬ್ತಾರೆ? ತೋಳ ಬಂತು ತೋಳ ಅಂತ ಕೂಗ್ದೋನ ಗತಿ ಆಯ್ತು."

"ನೀನೂ ಶುರು ಮಾಡು. ಅವ್ರು ಸಾಕ್ಷಿ ಕೇಳ್ತವ್ರೆ ಕಣೆ, ಸಾಕ್ಷಿ! ಎಲ್ಲಿಂದ ತರ್ಲಿ?"

ಹೊನ್ನೂರಮ್ಮ ಸಾರಿನ ಸೌಟನ್ನು ಎತ್ತಿ ನಡುಮನೆಯ ಬಾಗಿಲು ತೋರಿಸಿದಳು.

"ದಿನಾ ತಲೆ ಬಗ್ಸಿ ಒಳಕ್ಕೆ ಬರ್ತೀಯಲ್ಲ, ಯಾತರ ಅಡಿಯಾಗೆ ಬರ್ತೀಯ?"

ಪಾಲಯ್ಯ ತಿರುಗಿ ನೋಡಿದ. ಬಾಗಿಲಿಗೆ ತೋರಣ ತೂಗುತ್ತಿತ್ತು. ತಂತಿಯಲ್ಲಿ ಪೋಣಿಸಿದ ವಾಷರ್, ಕ್ಲಿಪ್ಪು, ಕತ್ತು ಮುರಿದ ರಿವೆಟ್ಟು. ಬಿಚ್ಚಿದ ಹಳೆಯ ಭಾಗವನ್ನು ಉಗ್ರಾಣಕ್ಕೆ ಕೊಟ್ಟರೆ ಬರೆಸಿಕೊಡಬೇಕು, ಕಸಕ್ಕೆ ಹಾಕಿದರೆ ಯಾರಾದರೂ ಹೆಕ್ಕುತ್ತಾರೆ. ಅದಕ್ಕೇ ಅವನು ಜೇಬಿನಲ್ಲಿಟ್ಟುಕೊಂಡು ಮನೆಗೆ ತರುತ್ತಿದ್ದ. ತಂದದ್ದನ್ನು ಹೊನ್ನೂರಮ್ಮ ಬಿಸಾಡದೆ ಒಂದರ ಹಿಂದೆ ಒಂದು ಪೋಣಿಸಿದ್ದಳು. ಗಾಳಿ ಬೀಸಿದಾಗ ಝಲ್ಲೆನ್ನುವುದು ಅವಳಿಗೆ ಇಷ್ಟ. ಏಳು ಸಲ ಮನೆ ಬದಲಾಯಿಸಿದರೂ ಆ ತೋರಣ ಅವಳ ಪೆಟ್ಟಿಗೆಯಲ್ಲೇ ಬಂದಿತ್ತು.

"ವರ್ಸೆ ತಪ್ಪಿಲ್ಲ," ಎಂದಳು. "ಎಡಗಡೆ ತುದಿ ಮೊದ್ಲುದು. ಬಲಗಡೆ ಹೋದ ತಿಂಗ್ಳುದು."

ಅವನು ಊಟ ಬಿಟ್ಟು ಎದ್ದ. ಕುರ್ಚಿ ಹಾಕಿ ತೋರಣ ಬಿಚ್ಚತೊಡಗಿದ.

"ಮುದ್ದೆ ಆರ್ತೈತೆ, ಉಂಡು ಬಿಚ್ಚಯ್ಯಾ! ಇಪ್ಪತ್ತೈದು ವರ್ಸ ಕಾದಿರೋದು ಇನ್ನೊಂದು ಗಳಿಗೆ ಕಾಯ್ತೈತೆ."

*

ಬುಧವಾರ ಬೆಳಿಗ್ಗೆ ಅವನು ತೋರಣವನ್ನು ಗೋಣಿಚೀಲದಲ್ಲಿ ಹೊತ್ತು ನಿಯಂತ್ರಣ ಕೋಣೆಗೆ ಹೋದ. ಸುಗಂಧಾ ಪರದೆಯ ಮುಂದೆ ಕುಳಿತಿದ್ದರು. ಕಿವಿ ಆಗಲೇ ದೊಡ್ಡೆಮ್ಮೆಯ ಹೊಟ್ಟೆಯಿಂದ ಹೊರಬಂದು ಅವರ ಮೇಜಿನ ಮೇಲಿತ್ತು. ಕಲಿಕೆಯನ್ನು ಹೊಸ ವಿಮಾನಗಳಿಗೆ ತುಂಬುವ ಸಾಲು ಸಿದ್ಧವಾಗಿತ್ತು; ನಾಳೆ ಅವನ ಕೊನೆಯ ಸಹಿ ಬಿದ್ದ ಕೂಡಲೇ ಒಂದು ಗುಂಡಿ ಒತ್ತಿದರೆ ಮುಗಿಯಿತು.

ಪಾಲಯ್ಯ ಚೀಲವನ್ನು ಮೇಜಿನ ಮೇಲೆ ಸುರಿದ.

"ಏನ್ರೀ ಇದು, ಗುಜರಿ?"

"ಸಾಕ್ಷಿ. ನಿಮ್ಮ ಡಬ್ಬಿ ಒಳಗೆ ಸದ್ದೆಲ್ಲ ಐತಲ್ಲ. ನಾನು ಒಂದು ವಾಷರ್ ಬದಲಾಯಿಸಿದ್ರೆ ಆ ಪಕ್ಕೆ ಸದ್ದು ಮಾರನೇ ದಿನ ಪಟ್ ಅಂತ ಬೇರೆ ಆಗಿರ್ಬೇಕು. ಹೌದೋ ಅಲ್ವೋ?"

ಸುಗಂಧಾ ಒಂದು ಸವೆದ ಬಿಲ್ಲೆಯನ್ನು ಎತ್ತಿ ನೋಡಿದರು. ಆಮೇಲೆ ಪರದೆಯಲ್ಲಿ ಹಳೆಯ ಕಡತ ತೆಗೆದರು.

"ಅಂಥಾವು ಇದ್ವು," ಎಂದರು ನಿಧಾನವಾಗಿ. "ಸದ್ದು ಒಮ್ಮೆಲೆ ಹಾರಿಬಿಡ್ತಿತ್ತು, ಮುಂಜಾನೆ ಹೊತ್ತಿನಾಗ. ಪುಸ್ತಕದಾಗ ಏನೂ ಇಲ್ಲ. ಚಳಿಗೆ ಲೋಹ ಕುಗ್ಗಿ ಹಂಗ ಆಗ್ತದ ಅಂತ ತಿಳಕೊಂಡು ಗದ್ದಲ ಅಂತ ಅಳಿಸಿ ಹಾಕಿದ್ವಿ. ಅಳಿಸೂ ಸೂತ್ರ ಬರೆದಾಕಿ ನಾನ."

"ಎಷ್ಟಿದ್ವು?"

"ಇನ್ನೂರಾ ಹದಿನೇಳು."

ಇಬ್ಬರೂ ಎಣಿಸಲು ಕುಳಿತರು. ತಂತಿಯ ಮೇಲೆ ಒಂದೊಂದೇ ಬಿಲ್ಲೆ ಸರಿಸುತ್ತ, ಪರದೆಯ ಮೇಲೆ ಒಂದೊಂದೇ ಜಿಗಿತ ನೋಡುತ್ತ. ದಪ್ಪ ವಾಷರ್ ಬಂದಾಗ ದಪ್ಪ ಪಕ್ಕೆಯ ಜಿಗಿತ, ಸಣ್ಣ ಕ್ಲಿಪ್ಪು ಬಂದಾಗ ಬಾಲದ ಕಡೆಯ ಜಿಗಿತ. ನೂರು ದಾಟುವ ಹೊತ್ತಿಗೆ ಸುಗಂಧಾ ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡಿದ್ದರು. ತೋರಣದಲ್ಲಿ ಇದ್ದದ್ದು ಇನ್ನೂರ ಹನ್ನೊಂದು.

"ಆರು ಕಮ್ಮಿ ಅದಾವ್ರಿ."

ಪಾಲಯ್ಯ ಮನೆಗೆ ಫೋನು ಮಾಡಿದ. ಮೂರು ಗ್ರೈಂಡರ್ ಕಾಲಿನಡಿ ಇವೆ, ಅಲುಗಾಡುತ್ತಿತ್ತು ಎಂದು ಹೊನ್ನೂರಮ್ಮ ಹೇಳಿದಳು. ಉಳಿದ ಮೂರಕ್ಕೆ ಅವನೇ ತಲೆ ಕೆರೆದುಕೊಂಡು ನೆನಪು ಮಾಡಿಕೊಂಡ: ಮೂರು ಸಲ ಏನೂ ಬದಲಾಯಿಸಿರಲಿಲ್ಲ, ಬರೀ ಬಿಗಿ ಮಾಡಿದ್ದ.

ಸುಗಂಧಾ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ಇನ್ನೂರಾ ಹದಿನೇಳು ಸಲ ರೋಗ ತೋರ್ಸಿ, ಇದು ಆರೋಗ್ಯ ಅಂತ ಕಲಿಸೀವಿ. ನೀವೊಬ್ಬರ ಅಲ್ಲ. ನಾನೂ."

"ಮತ್ತೆ ನಿಲ್ಸಿ!"

"ನನ್ನ ಕೈಯಾಗ ಏನೈತ್ರಿ? ನಡೀರಿ, ಚೆಂಗಪ್ಪ ಸಾಹೇಬ್ರ ಕಡೆ."

*

ಚೆಂಗಪ್ಪ ಎಲ್ಲವನ್ನೂ ಕೇಳಿದರು. ಪರದೆಯ ಚಿತ್ರ ನೋಡಿದರು, ಒಂದು ವಾಷರನ್ನು ಬೆರಳಲ್ಲಿ ತಿರುಗಿಸಿ ನೋಡಿದರು. ಅವರು ನಂಬಿದರು. ಪಾಲಯ್ಯನಿಗೆ ಅದು ಅವರ ಮುಖದಲ್ಲೇ ಕಂಡಿತು. ನಂಬಿದ ಮೇಲೆ ಎದ್ದು ಬಾಗಿಲು ಹಾಕಿದರು.

"ಮಂತ್ರಿಗಳು ಆಗಲೇ ಹೊರಟಾಯ್ತು. ಹನ್ನೆರಡು ವಿಮಾನ ಸಾಲಾಗಿ ನಿಂತಿವೆ. ಈಗ ಹೋಗಿ ನಾನು ಏನು ಹೇಳ್ಲಿ? ಒಬ್ಬ ಮೇಸ್ತ್ರಿ ಹೆಂಡತಿ ಬಾಗಿಲ ತೋರಣ ತಂದ, ಅದಕ್ಕೆ ನಿಲ್ಸಿ ಅಂತಲಾ?"

"ಹೌದು ಸಾರ್. ಹಂಗೇ ಹೇಳ್ರಿ."

"ನಾಳೆ ಕಾರ್ಯಕ್ರಮ ಮುಗೀಲಿ. ಮುಂದಿನ ವಾರ ಸಮಿತಿ ಮಾಡೋಣ, ಕಿವಿ ತಿದ್ದೋಣ. ಡಾಕ್ಟರ್, ಎಷ್ಟು ದಿನ ಬೇಕು?"

"ಒಂದು ವರ್ಷ," ಎಂದರು ಸುಗಂಧಾ. "ಮೊದಲಿಂದ ಕಲಿಸಬೇಕು."

"ನಿಮ್ಮ ಮುಖ್ಯಸ್ಥರು ಏನಂತಾರೆ?"

"ಫೋನ್ ಮಾಡಿದ್ದೆ. ಗದ್ದಲ ಅಂದ್ರ ಗದ್ದಲ, ಸುಮ್ನಿರು ಅಂದ್ರು."

"ನೋಡಿ ಮತ್ತೆ."

"ಅರವತ್ತು ಹುಡುಗ್ರು ಸಾರ್!" ಪಾಲಯ್ಯನ ದನಿ ಏರಿತು. "ಹದಿನೇಳನೇ ಪಕ್ಕೆ ಸೀಳಿದ್ರೂ ಆ ಡಬ್ಬಿ ಸ್ವಸ್ಥ ಅಂತೈತೆ. ಗುಡ್ಡದ ಮೇಲೆ ಗಾಳಿ ಹೊಡೆತಕ್ಕೆ ಎಷ್ಟು ಹೊತ್ತು ತಡೀತೈತೆ? ಒಂದು ತಿಂಗ್ಳು? ಒಂದು ವರ್ಷ? ಡಬ್ಬಿ ಮಾತಿಗೆ ತಲೆ ಆಡಿಸ್ತೀರ, ಆ ಡಬ್ಬಿಗೆ ಕಲಿಸ್ದೋನು ಎದ್ರಿಗೆ ನಿಂತು ಬಡ್ಕೊಂಡ್ರೆ ಕೇಳಲ್ಲ!"

"ಕಿರುಚಬೇಡಿ." ಚೆಂಗಪ್ಪ ಕಪಾಟಿನಿಂದ ದುರಸ್ತಿ ಪುಸ್ತಕ ತೆಗೆದು ಒಂದು ಹಳೆಯ ಪುಟ ತೋರಿಸಿದರು. "ದೋಷವಿಲ್ಲ. ಇದು ನಿಮ್ಮ ಸಹಿ. ಕೆಳಗಿರೋದು ಯಾರದ್ದು ಗೊತ್ತಾ? ನಂದು. ಆಗ ನಾನು ಫ್ಲೈಯಿಂಗ್ ಆಫೀಸರ್. ಹನ್ನೊಂದು ತಿಂಗಳು ನಿಮ್ಮ ಪುಸ್ತಕಕ್ಕೆ ಮೇಲುಸಹಿ ಹಾಕಿದ್ದೀನಿ. ಇದು ಹೊರಗೆ ಬಂದ್ರೆ ನಿಮ್ಮ ಪದಕ, ಪಿಂಚಣಿ ಎರಡೂ ಹೋಗುತ್ತೆ. ಜೈಲೂ ಆಗಬಹುದು. ನಾನು ನಿಮ್ಮನ್ನೇ ಉಳಿಸ್ತಾ ಇದೀನಿ, ಪಾಲಯ್ಯ. ನಾಳೆ ಬನ್ನಿ. ನೀಲಿ ಪೆನ್ನಲ್ಲಿ 'ವಿಮಾನ ಸ್ವಸ್ಥ, ಸೇವೆ ಮುಗಿಯಿತು' ಅಂತ ಬರೆದು ಸಹಿ ಹಾಕಿ. ಶಾಲು ಹೊದ್ದುಕೊಂಡು ಮನೆಗೆ ಹೋಗಿ."

ಹೊರಗೆ ಬಂದ ಮೇಲೆ ಸುಗಂಧಾ ಕೇಳಿದರು, "ಸಹಿ ಹಾಕಲಿಲ್ಲಂದ್ರ?"

"ಬೇರೆ ಯಾರ ಕೈಲಾದ್ರೂ ಹಾಕಿಸ್ತಾರೆ."

ಸಂಜೆ ಅವನು ಹೊನ್ನೂರಮ್ಮನಿಗೆ ಎಲ್ಲ ಹೇಳಿದ. ಅವಳು ಬೈಯಲಿಲ್ಲ. ಅದೇ ಅವನಿಗೆ ಹೆಚ್ಚು ಕಷ್ಟವಾಯಿತು. ತೋರಣವಿಲ್ಲದ ಬಾಗಿಲನ್ನು ನೋಡುತ್ತ ಕುಳಿತಿದ್ದವಳು ಕೊನೆಗೆ, "ಆ ಹುಡುಗನ ಹೆಸ್ರು ಇವತ್ತಿಗೂ ನಿನಗೆ ಗೊತ್ತಿಲ್ಲ, ಅಲ್ವಾ?" ಎಂದಳು. ಇಲ್ಲ ಎಂದ. "ಈ ಅರವತ್ತು ಜನದ್ದೂ ಗೊತ್ತಿಲ್ಲ," ಎಂದು ಎದ್ದು ಒಲೆ ಕಡೆ ಹೋದಳು.

*

ಗುರುವಾರ ಹತ್ತು ಗಂಟೆಗೆ ಶಾಮಿಯಾನ ತುಂಬಿತ್ತು. ದೊಡ್ಡೆಮ್ಮೆಯನ್ನು ತೊಳೆದು, ಮೂತಿಗೆ ಚೆಂಡುಹೂವಿನ ಹಾರ ಹಾಕಿ, ಹಣೆಗೆ ಕುಂಕುಮ ಇಟ್ಟಿದ್ದರು. ಎರಡೂ ಕಡೆ ನೀರಿನ ಬಂಡಿಗಳು ನಿಂತಿದ್ದವು. ಸಹಿ ಆದ ಕೂಡಲೇ ಕಮಾನಿನಂತೆ ನೀರು ಚಿಮ್ಮಿಸಿ ಅವಳನ್ನು ಎಳೆದುಕೊಂಡು ಹೋಗುವುದೆಂದು ಗೊತ್ತಾಗಿತ್ತು. ಅತ್ತ ಹೊಸ ವಿಮಾನದ ನೆರಳಿನಲ್ಲಿ ಅರವತ್ತು ಜವಾನರು ತಮ್ಮ ತಮ್ಮ ಚೀಲಗಳ ಮೇಲೆ ಕುಳಿತು ಪುರಿ ತಿನ್ನುತ್ತಿದ್ದರು. ಒಬ್ಬ ಏನೋ ಹೇಳಿದ, ಉಳಿದವರು ನಕ್ಕರು.

ಪಾಲಯ್ಯನ ಹೆಸರು ಕರೆದರು. ಚಪ್ಪಾಳೆ ಬಿತ್ತು. ಮೇಜಿನ ಮೇಲೆ ಪುಸ್ತಕ ತೆರೆದಿತ್ತು, ಪಕ್ಕದಲ್ಲಿ ಹೊಸ ನೀಲಿ ಪೆನ್ನು. ಪುಸ್ತಕದ ಬೆನ್ನಿಗೆ ದಾರದಲ್ಲಿ ಕಟ್ಟಿದ ಕೆಂಪು ಪೆನ್ನು ನೇತಾಡುತ್ತಿತ್ತು, ನಿಯಮದ ಪ್ರಕಾರ.

ಅವನು ದಾರ ಎಳೆದು ಕೆಂಪು ಪೆನ್ನು ಹಿಡಿದ. ಚೆಂಗಪ್ಪ ಮಂತ್ರಿಗಳ ಪಕ್ಕದಿಂದ ಅರ್ಧ ಎದ್ದರು.

ಶಾಯಿ ಮೂಡಲಿಲ್ಲ. ಇಪ್ಪತ್ತೈದು ವರ್ಷ ಮುಟ್ಟದ ಪೆನ್ನು ಒಣಗಿ ಕಲ್ಲಾಗಿತ್ತು. ಅವನು ಝಾಡಿಸಿದ, ಮೂತಿಯನ್ನು ನಾಲಿಗೆಗೆ ತಾಗಿಸಿದ, ಅಂಗೈ ಮೇಲೆ ಗೀಚಿದ. ಒಂದು ಚುಕ್ಕೆಯೂ ಬೀಳಲಿಲ್ಲ. ಹಾಳಾದ ಪೆನ್ನು! ಜನ ಇದು ಮುದುಕನ ದುಃಖ ಎಂದುಕೊಂಡು ಇನ್ನೊಮ್ಮೆ ಚಪ್ಪಾಳೆ ತಟ್ಟಿದರು. ಚೆಂಗಪ್ಪ ನಗುನಗುತ್ತಲೇ ಅವನ ಕಡೆ ಬರತೊಡಗಿದರು.

ಎರಡನೇ ಸಾಲಿನಿಂದ ಸುಗಂಧಾ ಎದ್ದು ಬಂದರು. ಕಡತ ತಿದ್ದಲು ಇಟ್ಟುಕೊಂಡಿದ್ದ ತಮ್ಮ ಕೆಂಪು ಪೆನ್ನನ್ನು ಪುಸ್ತಕದ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಮೇಜಿಗೂ ಚೆಂಗಪ್ಪನವರಿಗೂ ನಡುವೆ ನಿಂತುಕೊಂಡರು.

ಪಾಲಯ್ಯ ದಪ್ಪ ಅಕ್ಷರದಲ್ಲಿ, ಊರ ಶಾಲೆಯಲ್ಲಿ ಕಲಿತ ದುಂಡನೆಯ ಕೈಬರಹದಲ್ಲಿ ಬರೆದ: 'ದೋಷ ೨೧೭. ಇಪ್ಪತ್ತೈದು ವರ್ಷದಲ್ಲಿ ನಾನು ಮುಚ್ಚಿಟ್ಟದ್ದು. ಕಿವಿ ತಪ್ಪು ಕಲಿತಿದೆ. ಈ ವಿಮಾನದ ಯಾವ ಭಾಗವೂ ಇನ್ನೊಂದಕ್ಕೆ ಹೋಗಕೂಡದು.' ಕೆಳಗೆ ಸಹಿ, ತಾರೀಖು.

"ಏನು ಬರೆದ್ರಿ?" ಚೆಂಗಪ್ಪನವರ ನಗು ಮುಖದ ಮೇಲೇ ಉಳಿದಿತ್ತು. ದನಿ ಮಾತ್ರ ಬೇರೆಯಾಗಿತ್ತು.

"ಓದ್ಕೊಳ್ಳಿ ಸಾರ್. ಸಮಿತಿ ಬರೋಗಂಟ ಡಬ್ಬೀನೂ ಅಲುಗಾಡಿಸೋ ಹಂಗಿಲ್ಲ, ಅದ್ರ ಕಲಿಕೆ ಹೊಸವಕ್ಕೆ ತುಂಬೋ ಹಂಗೂ ಇಲ್ಲ. ನಿಯಮ ನಿಮ್ಮದೇ."

"ಪಾಲಯ್ಯ, ಏನು ಮಾಡಿದ್ರಿ ಗೊತ್ತಾ? ಇನ್ನು ಇದಕ್ಕೆ ನೀರೂ ಇಲ್ಲ, ಮೆರವಣಿಗೇನೂ ಇಲ್ಲ. ಸೀಲು ಹಾಕಿ ಮೂಲೆಗೆ ತಳ್ಳಬೇಕು, ಕಳ್ಳಮಾಲಿನ ಹಾಗೆ. ನಿಮ್ಮ ದೊಡ್ಡೆಮ್ಮೆಗೆ ಇದೇನಾ ಮರ್ಯಾದೆ?"

ಆ ಮಾತು ಮಾತ್ರ ಅವನಿಗೆ ನಾಟಿತು. ಮಡಿಸಿಟ್ಟ ಶಾಲಿನ ಪಕ್ಕದಲ್ಲಿ ತನ್ನ ಎರಡೂ ಪದಕಗಳನ್ನು ಬಿಚ್ಚಿಟ್ಟು ವೇದಿಕೆಯಿಂದ ಇಳಿದ.

ದಾರಿ ದೊಡ್ಡೆಮ್ಮೆಯ ಹೊಟ್ಟೆಯ ಕೆಳಗೇ ಹೋಗುತ್ತಿತ್ತು. ಅಭ್ಯಾಸದ ಕೈ, ಸೊಂಟದ ಕೊಡತಿ ತೆಗೆದು ಹದಿನೇಳನೇ ಪಕ್ಕೆಗೆ ಒಂದು ತಟ್ಟು ತಟ್ಟಿತು. ಕಿವಿಗೊಟ್ಟು ಕೇಳಿದ. ಸಡಿಲವಿತ್ತು. ಅರ್ಧ ಗಂಟೆಯ ಕೆಲಸ. ಅವನು ಕೊಡತಿಯನ್ನು ಚಕ್ರದ ಪಕ್ಕದಲ್ಲಿ ನೆಲಕ್ಕಿಟ್ಟು ಮುಂದೆ ನಡೆದ.

ಹಿಂದೆ ಮೈಕಿನಲ್ಲಿ ಅವನ ಹೆಸರು ಕೂಗುತ್ತಿದ್ದರು. ಒಂದು ಸಲ, ಎರಡು ಸಲ. ಪುರಿ ತಿನ್ನುತ್ತಿದ್ದ ಜವಾನರು ಕತ್ತೆತ್ತಿ ಯಾರಪ್ಪ ಇವನು ಎಂದು ನೋಡಿದರು. ಅವರಲ್ಲೊಬ್ಬ ಕೈಗಡಿಯಾರ ನೋಡಿಕೊಂಡು ಬೇಸರದಿಂದ ಗೊಣಗಿದ, "ಇನ್ನೂ ಎಷ್ಟು ಹೊತ್ತು ಕಾಯಿಸ್ತಾರೋ."

ಗೇಟಿನ ಕಾವಲುಗಾರ ಸೆಲ್ಯೂಟ್ ಹೊಡೆದ. "ಏನ್ ಸಾರ್, ಇಷ್ಟು ಬೇಗ? ಊಟ ಅದೆಯಲ್ಲ, ವಾಪಸ್ ಬರ್ತೀರ ತಾನೆ?"

ಪಾಲಯ್ಯ ಕೊರಳಿನ ಪಾಸು ತೆಗೆದು ಅವನ ಕೈಗೆ ಕೊಟ್ಟ. ಬಿಸಿಲಿಗೆ ಕಾದ ರಸ್ತೆಯಲ್ಲಿ ಬರಿಗೊರಳಲ್ಲಿ ನಡೆದು ಹೋದ. ಆ ಗೇಟಿನ ಒಳಗೆ ಅವನು ಮತ್ತೆ ಕಾಲಿಡಲಿಲ್ಲ.